ಒಂದು ದಿನದಲ್ಲಿ ಕಿನ್ನಾಳ ನೋಡಿ ಬರಬಹುದೇ?

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮಾಡಿದ ಮರದ ಗರುಡನೊಂದರ ಚಿತ್ರವನ್ನು ಹಿಂದಿನ ಸಂಚಿಕೆಯ ಒಳಪುಟದಲ್ಲಿ ಪ್ರಕಟಿಸಿದ್ದೆವು. ಚಿತ್ರದ ಕೆಳಗೆ ಎರಡು ಸಾಲಿನ ವಿವರಣೆಯಷ್ಟೇ ಇದ್ದರೂ ಅದನ್ನು ನೋಡಿ ಬಂದ ಪತ್ರಗಳು ಒಂದು ಕಟ್ಟಾಗುವಷ್ಟಿವೆ. ಆ ಊರಿಗೆ ಹೋಗಿ, ಗೊಂಬೆ ಮಾಡುವುದನ್ನು ಕಣ್ಣಾರೆ ಕಂಡು, ಅಂದೇ ಹಿಂತಿರುಗಬಹುದೇ ಎಂಬುದು ಬಹುತೇಕ ಪತ್ರಗಳ ಪ್ರಶ್ನೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ದೀರ್ಘ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಮುಂದಿನ ತಿಂಗಳು ಎರಡು ದಿನಗಳ ಮಟ್ಟಿಗೆ ಹಂಪಿಗೆ ಹೋಗುತ್ತಿದ್ದೇವೆ. ಎರಡನೆಯ ದಿನ ಸಂಜೆ ಊರಿಗೆ ಹೊರಡುವ ಮುನ್ನ ಒಂದು ತಾಸು ಬಿಡುವು ಮಾಡಿಕೊಂಡು ಕಿನ್ನಾಳವನ್ನೂ ಮುಗಿಸಿಕೊಂಡು ಬರಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೋಗಬಹುದು, ಆದರೆ ಹಾಗೆ ಹೋಗಬೇಡಿ ಎಂದೇ ನನ್ನ ಸಲಹೆ. ಹೊಸಪೇಟೆಯಿಂದ ಕೊಪ್ಪಳಕ್ಕೆ ಸುಮಾರು 35 ಕಿ.ಮೀ., ಕೊಪ್ಪಳದಿಂದ ಕಿನ್ನಾಳಕ್ಕೆ ಮತ್ತೆ ಸುಮಾರು 12 ಕಿ.ಮೀ. ದಾರಿ. ಹಂಪಿಯಿಂದ ಹೊರಟು ಊರು ಮುಟ್ಟುವುದಕ್ಕೇ ಒಂದೂವರೆ ತಾಸು ಹಿಡಿಯುತ್ತದೆ, ಮತ್ತು ನೀವು ತಲುಪುವ ಹೊತ್ತಿಗೆ ಬೆಳಕು ಇಳಿಯುತ್ತಿರುತ್ತದೆ. ಕಿನ್ನಾಳದಲ್ಲಿ ಟಿಕೆಟ್ ಪಡೆದು ಒಳಹೋಗಿ ಸುತ್ತು ಹಾಕಿ ಹೊರಬರುವಂಥ ಸ್ಥಳವೇನೂ ಇಲ್ಲ. ಗೊಂಬೆ ಮಾಡುವ ಚಿತ್ರಗಾರರ ಮನೆಗಳಿವೆ, ಮನೆಯ ಮುಂದಿನ ಕೋಣೆಯೇ ಅವರ ಕಾರ್ಯಾಗಾರ. ಬಾಗಿಲಿನಿಂದ ಬೀಳುವ ಹಗಲಿನ ಬೆಳಕೇ ಅವರ ಮುಖ್ಯ ದೀಪ.

ಮೊದಲ ಸಲ ನಾನೂ ನಿಮ್ಮಂತೆಯೇ ಲೆಕ್ಕ ಹಾಕಿದ್ದೆ. ಹಂಪಿಯಲ್ಲಿ ದಿನವಿಡೀ ಬಿಸಿಲಿನಲ್ಲಿ ಅಲೆದು, ಗಣೇಶ ಚೌತಿಗೆ ವಾರವಷ್ಟೇ ಉಳಿದಿದ್ದಾಗ, ಸಂಜೆ ಆರರ ಮೇಲೆ ಕಿನ್ನಾಳದ ಮನೆಯೊಂದರ ಮುಂದೆ ನಿಂತೆ. ಪಡಸಾಲೆಯ ತುಂಬ ಹಸಿ ಮಣ್ಣಿನ ಗಣಪತಿಗಳು ಕಾಲಿಡಲೂ ಜಾಗವಿಲ್ಲದಂತೆ ಕುಳಿತಿದ್ದವು. ಮನೆಯ ಅಜ್ಜಿ, “ಬರ್ರಿ, ಕೂಡ್ರಿ, ಚಾ ಕುಡೀರಿ. ಆದ್ರ ಈಗ ಮರದ ಕೆಲಸ ಯಾರೂ ಮಾಡಂಗಿಲ್ರಿ, ಎಲ್ಲಾರ ಕೈಯೂ ಮಣ್ಣಾಗದ” ಎಂದರು. ಚಹಾ ಕುಡಿದು, ಕಪಾಟಿನಲ್ಲಿದ್ದ ಒಂದು ಜೋಡಿ ಗಿಳಿಗಳನ್ನು ಕೊಂಡು, ಉಳಿಯ ಒಂದು ಏಟನ್ನೂ ನೋಡದೆ ಹಿಂತಿರುಗಿದೆ. ಗಿಳಿಗಳು ಚೆನ್ನಾಗಿಯೇ ಇವೆ, ಆದರೆ ಬೆಂಗಳೂರಿನ ಕಾವೇರಿ ಮಳಿಗೆಯಲ್ಲಿಯೂ ಅಂಥವನ್ನು ಕೊಳ್ಳಬಹುದಿತ್ತು.

ಕಿನ್ನಾಳಕ್ಕೆ ಪ್ರತ್ಯೇಕವಾಗಿ ಒಂದು ಹಗಲನ್ನು ಕೊಡಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಹೊಸಪೇಟೆಯನ್ನು ದಾಟಿ ಕೊಪ್ಪಳಕ್ಕೆ ಬರುತ್ತದೆ. ಹೊರಡುವ ಮುನ್ನ ಅಂದಿನ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ಕೊಪ್ಪಳದ ನಿಲ್ದಾಣದಲ್ಲಿ ಇಳಿದು, ಮುಖ ತೊಳೆದು, ಮಂಡಕ್ಕಿ ಒಗ್ಗರಣೆಯ ಮೇಲೆ ಎರಡು ಮಿರ್ಚಿ ತಿಂದು, ಸಾರಿಗೆ ಬಸ್ಸನ್ನೋ ಆಟೊವನ್ನೋ ಹಿಡಿದರೆ ಹತ್ತು ಗಂಟೆಯ ಒಳಗೆ ಊರಿನಲ್ಲಿರುತ್ತೀರಿ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್‌ನಲ್ಲಿ ಆರಂಭವಾದ ಉಚಿತ ಪ್ರಯಾಣದ ಶಕ್ತಿ ಯೋಜನೆ ಈ ಬಸ್ಸುಗಳಿಗೂ ಅನ್ವಯಿಸುತ್ತದೆ. ಗುರುತಿನ ಚೀಟಿ ಜೊತೆಗಿರಲಿ. ಮಧ್ಯಾಹ್ನ ಎರಡರವರೆಗೆ ಕಿನ್ನಾಳದಲ್ಲಿದ್ದು, ಕೊಪ್ಪಳಕ್ಕೆ ಮರಳಿ ಊಟ ಮುಗಿಸಿ, ಸಂಜೆಗೆ ಒಂದೇ ಒಂದು ಸ್ಥಳವನ್ನು ಇಟ್ಟುಕೊಳ್ಳಿ: ಸ್ವಂತ ವಾಹನವಿದ್ದರೆ ಕುಕನೂರಿನ ಬಳಿಯ ಇಟಗಿಯ ಮಹಾದೇವ ದೇವಾಲಯ, ಇಲ್ಲದಿದ್ದರೆ ಕೊಪ್ಪಳದಲ್ಲಿಯೇ ಅಶೋಕನ ಶಾಸನವಿರುವ ಗವಿಮಠದ ಬೆಟ್ಟ. 1112ರಲ್ಲಿ ಕಟ್ಟಿದ ಇಟಗಿಯ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಬೆಳಗ್ಗೆ ಮರದ ಮೇಲೆ ಉಳಿ ಆಡುವುದನ್ನು ಕಂಡವರು ಸಂಜೆ ಆ ಬಳಪದ ಕಲ್ಲಿನ ಕಂಬಗಳ ಮುಂದೆ ನಿಂತರೆ, ಗುಡಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಬೇರೆಯಾಗಿಯೇ ಕಾಣುತ್ತದೆ.

ಗದಗ ಕಡೆಯಿಂದ ಬರುವವರಿಗೆ ಒಂದು ಮಾತು. ಹೆದ್ದಾರಿಯಲ್ಲಿ ಭಾನಾಪುರದ ಬಳಿ ಇತ್ತೀಚೆಗೆ ಆಟಿಕೆ ಕಾರ್ಖಾನೆಗಳ ದೊಡ್ಡ ಸಂಕೀರ್ಣವೊಂದು ಎದ್ದಿದೆ. ‘ಕೊಪ್ಪಳದ ಆಟಿಕೆ’ ಎಂದು ಕೇಳಿಕೊಂಡು ಹೋದರೆ ಜನ ನಿಮ್ಮನ್ನು ಅಲ್ಲಿಗೆ ಕಳುಹಿಸಬಹುದು. ‘ಕಿನ್ನಾಳದ ಚಿತ್ರಗಾರರ ಓಣಿ’ ಎಂದೇ ಕೇಳಿ.

ಪ್ರಶ್ನೆ: ನಮ್ಮ ಶಾಲೆಯ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆಯಿದೆ. ಒಂದು ಬೆಳಗಿನ ಹೊತ್ತಿನಲ್ಲಿ ಗೊಂಬೆ ಮಾಡುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಲು ಸಾಧ್ಯವೇ? ಮಕ್ಕಳಿಗೆ ಮೊದಲೇ ಏನನ್ನು ಹೇಳಿಕೊಟ್ಟಿರಬೇಕು?
— ಶಿಕ್ಷಕಿಯೊಬ್ಬರು, ತುಮಕೂರು

ಉತ್ತರ: ಒಂದೇ ಗೊಂಬೆಯನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಲಾಗದು, ಏಕೆಂದರೆ ಈ ಕೆಲಸದ ಬಹುಪಾಲು ಸಮಯ ಒಣಗಿಸುವುದರಲ್ಲಿಯೇ ಹೋಗುತ್ತದೆ. ಆದರೆ ಒಂದು ಮನೆಯಲ್ಲಿ ಕೆತ್ತುತ್ತಿದ್ದರೆ ಇನ್ನೊಂದರಲ್ಲಿ ಅಂಟು ಬಳಿಯುತ್ತಿರುತ್ತಾರೆ, ಮತ್ತೊಂದರಲ್ಲಿ ಬಣ್ಣ ನಡೆಯುತ್ತಿರುತ್ತದೆ. ಮೂರು ಮನೆ ತಿರುಗಿದರೆ ಬಿಡಿ ಬಿಡಿಯಾಗಿ ಎಲ್ಲ ಹಂತಗಳೂ ಕಾಣಸಿಗುತ್ತವೆ. ಅವನ್ನು ಮನಸ್ಸಿನಲ್ಲಿ ಸರಿಯಾದ ಅನುಕ್ರಮದಲ್ಲಿ ಜೋಡಿಸಿಕೊಳ್ಳಲು ಮಕ್ಕಳಿಗೆ ಕ್ರಮ ಗೊತ್ತಿರಬೇಕು. ಅದನ್ನು ಇಲ್ಲಿ ತುಸು ವಿವರವಾಗಿಯೇ ಹೇಳುತ್ತೇನೆ.

ಕಿನ್ನಾಳದವರು ಸಾಂಪ್ರದಾಯಿಕವಾಗಿ ಬಳಸುವುದು ಪೊಲ್ಕಿ ಎಂಬ ಬಹಳ ಹಗುರವಾದ ಮರವನ್ನು. ಒಣಗಿದ ತುಂಡೊಂದನ್ನು ಕೈಗೆ ತೆಗೆದುಕೊಂಡರೆ ಒಳಗೆ ಟೊಳ್ಳಿದೆಯೇನೋ ಎಂದು ಅನುಮಾನ ಬರುತ್ತದೆ. ತೇಗವನ್ನು ಕೆತ್ತುವಾಗ ಏಳುವ ಗಟ್ಟಿ ಸದ್ದು ಇಲ್ಲಿಲ್ಲ. ಕೊಡತಿಯ ಏಟಿಗೆ ಉಳಿ ಮೆತ್ತಗೆ ಇಳಿಯುತ್ತದೆ, ಸಿಪ್ಪೆ ಬೆಣ್ಣೆಯ ಪದರದಂತೆ ಸುರುಳಿ ಸುತ್ತಿಕೊಂಡು ಏಳುತ್ತದೆ. ಹೀಗೆ ಮೆದುವಾದ ಮರದಲ್ಲಿ ಬೆರಳಿನ ಗೆಣ್ಣಿನಂಥ ಸೂಕ್ಷ್ಮಗಳನ್ನು ಕೆತ್ತಿದರೂ ಅವು ನಿಲ್ಲುವುದಿಲ್ಲ. ಹಾಗಾಗಿ ಮರದಲ್ಲಿ ಆಕಾರವನ್ನಷ್ಟೇ ತೆಗೆದು, ಉಳಿದದ್ದನ್ನು ಮರದ ಮೇಲೆ ಕಟ್ಟುತ್ತಾ ಹೋಗುವುದು ಇಲ್ಲಿನ ಕ್ರಮ. ಮೂರ್ತಿಯನ್ನು ಒಂದೇ ತುಂಡಿನಲ್ಲಿ ಮಾಡುವುದೂ ಇಲ್ಲ. ಮುಂಡ, ತೋಳು, ರೆಕ್ಕೆ, ಪೀಠ ಎಂದು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ರೂಢಿಯ ಗರುಡನಿಗೆ 12 ಭಾಗಗಳು. ಸಿಂಹಾಸನದ ಮೇಲೆ ಕುಳಿತ ಗಣಪತಿಗೆ 22. ಮಕ್ಕಳಿಗೆ ಈ ಎರಡು ಅಂಕಿಗಳನ್ನು ಹೇಳಿ, ಪೂರ್ಣಗೊಂಡ ಗರುಡನ ಮುಂದೆ ನಿಲ್ಲಿಸಿ, ಬೆಸುಗೆಗಳೆಲ್ಲಿವೆ ಎಂದು ಹುಡುಕಲು ಬಿಡಿ. ಸಿಗುವುದಿಲ್ಲ.

ಸಿಗದಿರುವುದಕ್ಕೆ ಕಾರಣ ಹುಣಸೆ ಬೀಜ. ಅದರ ಅಂಟಿನಿಂದಲೇ ಭಾಗಗಳನ್ನು ಕೂಡಿಸುತ್ತಾರೆ. ಆಮೇಲೆ ಬರುವುದು ಕಿಟ್ಟ. ಗೋಣಿಯ ಚಿಂದಿಗಳನ್ನು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟನ್ನೂ ಹುಣಸೆ ಬೀಜದ ಅಂಟನ್ನೂ ಬೆರೆಸಿ ನಾದಿದಾಗ ಕಂದು ಬಣ್ಣದ ಹಿಟ್ಟಿನಂಥ ಮುದ್ದೆಯಾಗುತ್ತದೆ. ಅದನ್ನು ಕೈಯಿಂದಲೇ ಮೂರ್ತಿಯ ಮೈಗೆಲ್ಲ ಮೆತ್ತಿ, ಸಂದುಗಳನ್ನು ಮುಚ್ಚಿ, ಕೆನ್ನೆಯ ಉಬ್ಬು, ಹೊಟ್ಟೆಯ ತುಂಬುಗಳನ್ನು ತಿದ್ದುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಮೂಳೆ ಮುರಿದವರ ಕೈಗೆ ಪಟ್ಟಿ ಕಟ್ಟಿದಂತೆ. ಬಟ್ಟೆಯ ಮೇಲೆ ಹರಳುಕಲ್ಲಿನ ನುಣ್ಣನೆಯ ಪುಡಿಯ ಲೇಪ. ಬಣ್ಣ ಕೂರುವುದು ಈ ಬಿಳಿಯ ಲೇಪದ ಮೇಲೆ. ಮರಕ್ಕೂ ಬಣ್ಣಕ್ಕೂ ನೇರ ಸಂಬಂಧವೇ ಇರುವುದಿಲ್ಲ.

ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಆಭರಣಗಳನ್ನು ಬಿಡಿಸುತ್ತಾರೆ. ಕಿರೀಟದ ಮಣಿ, ತೋಳಬಂದಿ, ಕೊರಳ ಹಾರ ಎಲ್ಲವೂ ಕೆತ್ತನೆಯೆಂದು ನೋಡಿದವರು ತಿಳಿಯುತ್ತಾರೆ. ವಾಸ್ತವದಲ್ಲಿ ಅವು ರಂಗೋಲಿಯ ಎಳೆಯಂತೆ ಮೈಮೇಲೆ ಎಳೆದು ಉಬ್ಬಿಸಿದವು. ನಾನು ಎರಡನೆಯ ಸಲ ಹೋದಾಗ ಯಜಮಾನರೊಬ್ಬರು ಅಂಗೈಯಗಲದ ದೇವಿಯ ಎದೆಯ ಮೇಲೆ ಮೂರೆಳೆಯ ಸರವನ್ನು ಬಿಡಿಸುವುದನ್ನು ಅರ್ಧ ತಾಸು ನೋಡುತ್ತ ಕುಳಿತಿದ್ದೆ. ಒಂದು ಮಣಿ ತುಸು ದಪ್ಪವಾಯಿತೆಂದು ಉಗುರಿನ ತುದಿಯಿಂದ ಅದನ್ನು ತೆಗೆದು ಮತ್ತೆ ಇಟ್ಟರು. ನನಗೆ ಆ ವ್ಯತ್ಯಾಸ ಕಂಡಿರಲಿಲ್ಲ. ಲೋಹದ ಹೊಳಪು ಬೇಕಾದಲ್ಲಿ ತವರವನ್ನು ಅಂಟಿನೊಡನೆ ಅರೆದು ಬಳಿದು, ಒಣಗಿದ ಮೇಲೆ ತಿಕ್ಕಿ ತಿಕ್ಕಿ ಬೆಳಗುವ ಕ್ರಮಕ್ಕೆ ಲಾಜವಾರ ಎಂಬ ಹೆಸರು. ಕಣ್ಣು ಬರೆಯುವುದು ಎಲ್ಲಕ್ಕೂ ಕೊನೆಗೆ.

ಇನ್ನು ಮಕ್ಕಳ ಸಂಖ್ಯೆಯ ಮಾತು. ಮನೆಗಳು ಚಿಕ್ಕವು, ನೆಲದ ತುಂಬ ಹಸಿ ಮೂರ್ತಿಗಳಿರುತ್ತವೆ. ಒಮ್ಮೆಗೆ ಎಂಟು ಮಕ್ಕಳಿಗಿಂತ ಹೆಚ್ಚು ಬೇಡ. ಉಳಿದವರನ್ನು ಹೊರಗೆ ಮರದ ನೆರಳಿನಲ್ಲಿ ಕೂರಿಸಿ, ಕಂಡದ್ದನ್ನು ಚಿತ್ರ ಬರೆಯಲು ಹೇಳಿ. ವಾರ ಮೊದಲೇ ತಿಳಿಸಿ, ಕೆಲಸ ನಿಲ್ಲಿಸಿ ವಿವರಿಸುವ ಮನೆಯವರಿಗೆ ಇಂತಿಷ್ಟು ಕೊಡುತ್ತೇವೆಂದು ಮಾತಾಡಿಕೊಂಡು ಹೋಗಿ. ‘ಮಕ್ಕಳು ನೋಡಲಿಕ್ಕೆ ಬಂದಾವ’ ಎಂದು ಅವರು ಹಣ ಬೇಡವೆನ್ನುವುದುಂಟು. ಆದರೂ ಕೊಡಿ, ಅರ್ಧ ದಿನದ ದುಡಿಮೆ ಅವರಿಗೆ ತಪ್ಪಿರುತ್ತದೆ.

ಪ್ರಶ್ನೆ: ಮರದ ಗೊಂಬೆಗೆಂದು ಅಷ್ಟು ದೂರ ಏಕೆ ಹೋಗಬೇಕು? ನಮಗೆ ಚನ್ನಪಟ್ಟಣ ಹತ್ತಿರವೇ ಇದೆ. ಎರಡೂ ಒಂದೇ ಅಲ್ಲವೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಎರಡೂ ಮರದವು ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಚನ್ನಪಟ್ಟಣದ್ದು ಕಡೆತ, ಕಿನ್ನಾಳದ್ದು ಕೆತ್ತನೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ಯಂತ್ರದಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದಾಗ ಹೊಳೆಯುತ್ತದೆ. ಹಾಗಾಗಿ ಅಲ್ಲಿನ ವಸ್ತುಗಳೆಲ್ಲ ದುಂಡು: ಬುಗುರಿ, ಗಿಲಕಿ, ಚಕ್ರದ ಗಾಡಿ. ಕಿನ್ನಾಳದಲ್ಲಿ ತಿರುಗುವುದು ಯಾವುದೂ ಇಲ್ಲ, ಮರ ಮಡಿಲಲ್ಲಿರುತ್ತದೆ, ಕೈ ತಿರುಗುತ್ತದೆ. ಮಲೆನಾಡಿನ ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಮೂರನೆಯ ಬಗೆ. ಅಲ್ಲಿ ಬಣ್ಣವೇ ಇಲ್ಲ, ಮರದ ಮೈಯೇ ಶೋಭೆ. ಪುಟ್ಟ ಮಕ್ಕಳ ಕೈಗೆ ಕೊಡುವ ಆಟಿಕೆ ಬೇಕಿದ್ದರೆ ನಿಮ್ಮ ಮಾತೇ ಸರಿ, ಚನ್ನಪಟ್ಟಣಕ್ಕೆ ಹೋಗಿ. ಕಿನ್ನಾಳದ್ದು ಗೊಂಬೆಯೆಂದು ಕರೆಸಿಕೊಂಡರೂ ನೋಡುವುದಕ್ಕೆ, ಪೂಜೆಗೆ ಇರುವಂಥದ್ದು. ಹಿಂದೆ ಸಸ್ಯ ಮತ್ತು ಖನಿಜಗಳ ಬಣ್ಣಗಳಿದ್ದವು. ಈಗ ಅಂಗಡಿಯ ಬಣ್ಣಗಳನ್ನೂ ಬಳಸುವುದರಿಂದ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಕೊಡಬಾರದು.

ಪ್ರಶ್ನೆ: ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವ ಪದ್ಧತಿಯಿದೆ. ಕಿನ್ನಾಳಕ್ಕೆ ಹೋದ ದಿನವೇ ಬೇಕಾದ ಗೊಂಬೆಗಳು ಸಿಗುತ್ತವೆಯೇ? ನಿಜವಾದ ಕಿನ್ನಾಳದ ಗೊಂಬೆಯನ್ನು ಗುರುತಿಸುವುದು ಹೇಗೆ? ಬೆಲೆಯಲ್ಲಿ ಚೌಕಾಸಿ ಮಾಡಬಹುದೇ?
— ಗೃಹಿಣಿಯೊಬ್ಬರು, ಮೈಸೂರು

ಉತ್ತರ: ಗಿಳಿ, ನವಿಲು, ಆನೆ, ಸಣ್ಣ ಗಣಪತಿಗಳಂಥವು ಸಾಮಾನ್ಯವಾಗಿ ಸಿದ್ಧವಾಗಿರುತ್ತವೆ. ಹಿಂದೆ ಕುಂಬಾರ, ಹಾಲು ಮಾರುವವಳು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು ಮುಂತಾಗಿ ಕಸುಬುಗಳ ಗೊಂಬೆಗಳಿಗೆ ಬೇಡಿಕೆ ಹೆಚ್ಚಿತ್ತು. ಈಗ ಕೊಳ್ಳುವವರ ಒಲವು ದೇವರ ಮೂರ್ತಿಗಳತ್ತಲೂ ಪ್ರಾಣಿ ಪಕ್ಷಿಗಳತ್ತಲೂ ಹೊರಳಿದೆ. ನಿಮಗೆ ಕಸುಬಿನ ಗೊಂಬೆಗಳೇ ಬೇಕೆಂದರೆ ಹೇಳಿ ಮಾಡಿಸಬೇಕು. ಅವನ್ನೇ ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಮ್ಮ ಗೊಂಬೆ ಹಂತಗಳಲ್ಲಿ ಈಗಾಗಲೇ ಸಾಕಷ್ಟು ದೇವರುಗಳಿರುತ್ತಾರೆ, ಇಲ್ಲದಿರುವುದು ಸಂತೆಗೆ ಹೊರಟ ಜನ. ನವರಾತ್ರಿಗೆ ಬೇಕಾದರೆ ಯುಗಾದಿಯ ಹೊತ್ತಿಗೇ ಹೋಗಿ ಹೇಳಿ, ಮುಂಗಡ ಕೊಟ್ಟು ಬನ್ನಿ. ಮಳೆಗಾಲದಲ್ಲಿ ಲೇಪಗಳು ಒಣಗಲು ತಡವಾಗುತ್ತದೆ, ಶ್ರಾವಣ ಬಂದರೆ ಮನೆಮಂದಿಯೆಲ್ಲ ಗಣಪತಿಯ ಕೆಲಸಕ್ಕೆ ಇಳಿಯುತ್ತಾರೆ.

ಗುರುತಿಸುವ ಬಗ್ಗೆ: ಕಿನ್ನಾಳದ ಗೊಂಬೆಗಳಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆತಿದೆ. ಆ ಮಾನ್ಯತೆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುತ್ತದೆ, ಆದರೆ ನಿಮ್ಮ ಕೈಯಲ್ಲಿರುವ ಗೊಂಬೆ ಮರದ್ದೋ ಅಲ್ಲವೋ ಎಂಬುದನ್ನು ನೀವೇ ನೋಡಬೇಕು. ಊರಿನಲ್ಲಿಯೇ ಮಣ್ಣಿನ ಗೊಂಬೆಗಳೂ, ಸೆಗಣಿ ಮತ್ತು ಮರದ ಹೊಟ್ಟಿನಿಂದ ಮಾಡಿದವೂ ಇರುತ್ತವೆ. ಅವು ಖೋಟಾ ಅಲ್ಲ, ಹಬ್ಬದ ಕಾಲದ ಅಗ್ಗದ ಬಗೆ. ಗೊಂಬೆಯನ್ನು ಎತ್ತಿ ನೋಡಿ, ಗಾತ್ರಕ್ಕಿಂತ ಹಗುರವಿದ್ದರೆ ಮರ. ಬುಡವನ್ನು ತಿರುಗಿಸಿ ನೋಡಿ, ಅಲ್ಲಿ ಬಣ್ಣ ಹಚ್ಚದೆ ಬಿಟ್ಟಿದ್ದರೆ ಮರದ ಎಳೆ ಕಾಣುತ್ತದೆ. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಬಾಯಿ ಬಿಟ್ಟು ಕೇಳುವುದು: “ಯಜಮಾನ್ರ, ಇದು ಕಟಗೀದೋ ಮಣ್ಣಿಂದೋ?” ಮಾಡಿದವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ, ದೂರದ ಊರಿನಲ್ಲಿ ಮಾರುವವರ ಮಾತು ಬೇರೆ.

ಚೌಕಾಸಿ ಮಾಡುವ ಮುನ್ನ ಮೇಲೆ ಶಿಕ್ಷಕಿಯವರಿಗೆ ಬರೆದ ಉತ್ತರವನ್ನು ಇನ್ನೊಮ್ಮೆ ಓದಿ. ಇಪ್ಪತ್ತೆರಡು ತುಂಡು, ಅಂಟು, ಕಿಟ್ಟ, ಬಟ್ಟೆ, ಲೇಪ, ಆಭರಣ, ಬಣ್ಣ. ಪ್ರತಿಯೊಂದರ ನಡುವೆ ಒಣಗುವ ಕಾಯುವಿಕೆ. ಮರವೂ ಈಗ ಮೊದಲಿನಂತೆ ಸುಲಭಕ್ಕೆ ಸಿಗುವುದಿಲ್ಲ. ನಾಲ್ಕಾರು ಗೊಂಬೆಗಳನ್ನು ಒಟ್ಟಿಗೆ ಕೊಂಡಾಗ ‘ನೋಡಿ ಹಚ್ಚಿ ಕೊಡ್ರಿ’ ಎಂದರೆ ಅವರೇ ಒಂದಿಷ್ಟು ಬಿಡುತ್ತಾರೆ. ಅದಕ್ಕಿಂತ ಹೆಚ್ಚು ಎಳೆಯುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳನ್ನು ಬರೆದವರು ಕಿನ್ನಾಳದವರ ಪೂರ್ವಿಕರೇ ಎಂದು ಓದಿದ್ದೇನೆ. ಇದು ನಿಜವೇ, ಅಥವಾ ಪ್ರವಾಸಿಗರಿಗೆಂದು ಹುಟ್ಟಿದ ಕಥೆಯೇ?
— ನಿವೃತ್ತ ಉಪನ್ಯಾಸಕರೊಬ್ಬರು, ಧಾರವಾಡ

ಉತ್ತರ: ಪ್ರವಾಸಿಗರಿಗೆಂದು ಹುಟ್ಟಿದ್ದಲ್ಲ, ಚಿತ್ರಗಾರರ ಮನೆಗಳಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ ಅದು. ಪಂಪಾಪತಿಯ, ಅಂದರೆ ವಿರೂಪಾಕ್ಷನ, ಗುಡಿಯ ರಂಗಮಂಟಪದ ಚಿತ್ರಗಳು, ಹಂಪಿಯ ಮರದ ತೇರಿನ ಕೆತ್ತನೆ ಎರಡೂ ತಮ್ಮ ಹಿರಿಯರದೆಂದು ಅವರು ಹೇಳುತ್ತಾರೆ. ಕಿನ್ನಾಳದ ಕಲಾವಿದರೊಬ್ಬರ ಮನೆಯಲ್ಲಿ ದೊರೆತ ಹಳೆಯ ಕಾಗದದ ನಕ್ಷೆಗಳನ್ನು ಇದಕ್ಕೆ ಪುಷ್ಟಿಯಾಗಿ ತೋರಿಸುವುದುಂಟು. ಆದರೆ ಚಾವಣಿಯ ಚಿತ್ರಗಳ ಕಾಲದ ಬಗ್ಗೆಯೇ ಕಲಾ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೆಲವರು ವಿಜಯನಗರದ ಕಾಲಕ್ಕೆ ಒಯ್ದರೆ, ಇನ್ನು ಕೆಲವರು ಬಹಳ ಈಚಿನವೆನ್ನುತ್ತಾರೆ. ಆದ್ದರಿಂದ ನಾನು ಅದನ್ನು ನಂಬಿಕೆಯೆಂದೇ ಕರೆಯುತ್ತೇನೆ.

ನೀವು ಕಣ್ಣಿನಿಂದಲೇ ಪರೀಕ್ಷಿಸಬಹುದಾದ ಸಂಗತಿಗಳೂ ಇವೆ. ಆ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯಿದೆ, ಶಿವನತ್ತ ಬಾಣ ಹೂಡಿದ ಮನ್ಮಥನಿದ್ದಾನೆ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನಿದ್ದಾನೆ. ಪಕ್ಕದಿಂದ ನೋಡಿದ ಮುಖಗಳ ಉದ್ದನೆಯ ಕಣ್ಣು, ಮುತ್ತಿನ ಸರಗಳನ್ನು ಚುಕ್ಕೆಗಳ ಸಾಲಿನಲ್ಲಿ ಬಿಡಿಸಿದ ರೀತಿ, ಕೆಂಪು ನೆಲದ ಮೇಲೆ ಹೊರರೇಖೆಯ ಗಟ್ಟಿತನ, ಇವನ್ನು ಗಮನವಿಟ್ಟು ನೋಡಿ. ಬಳಿಕ ಕಿನ್ನಾಳದಲ್ಲಿ ಬಣ್ಣ ಹಚ್ಚುವ ಮನೆಯ ಮುಂದೆ ಕುಳಿತು ಗೊಂಬೆಯ ಮುಖವನ್ನು ನೋಡಿ. ನನಗಂತೂ ನೆಂಟಸ್ತಿಕೆ ಕಂಡಿತು, ಅದು ನಂಬಿಕೆಯ ಪ್ರಭಾವವೂ ಇರಬಹುದು. ನಿಮ್ಮಂಥವರು ಮೊದಲು ಹಂಪಿ, ಮರುದಿನ ಕಿನ್ನಾಳ ಎಂದು ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು: ಮನೆಗಳಲ್ಲಿ ಹಳೆಯ ನಕ್ಷೆಯ ಹಾಳೆಗಳಿದ್ದು ಅವರು ತೋರಿಸಿದರೆ ಕಣ್ಣಿನಿಂದ ನೋಡಿ, ಫೋನು ಹೊರತೆಗೆಯಬೇಡಿ. ಅವು ಅವರ ಕಸುಬಿನ ಬಂಡವಾಳ.

ಪ್ರಶ್ನೆ: ಮೆಲ್ಬರ್ನ್‌ನಿಂದ ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇವೆ. ಕಿನ್ನಾಳದ ಗೊಂಬೆಗಳನ್ನು ಇಲ್ಲಿಗೆ ತರಲು ಅಡ್ಡಿಯಿದೆಯೇ?
— ಕನ್ನಡಿಗ ದಂಪತಿ, ಮೆಲ್ಬರ್ನ್

ಉತ್ತರ: ಮರದ ಗೊಂಬೆಗೆ ನಿಷೇಧವಿಲ್ಲ, ಆದರೆ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ‘ಮರದ ವಸ್ತುವಿದೆ’ ಎಂದು ಘೋಷಿಸಲೇಬೇಕು. ಆಸ್ಟ್ರೇಲಿಯದ ಜೈವಿಕ ಸುರಕ್ಷತೆಯ ಅಧಿಕಾರಿಗಳು ಗೆದ್ದಲು, ಕೊರೆಹುಳುಗಳ ತೂತು ಇದೆಯೇ, ತೊಗಟೆ ಉಳಿದಿದೆಯೇ ಎಂದು ಪರಿಶೀಲಿಸುತ್ತಾರೆ. ಶಂಕೆ ಬಂದರೆ ನಿಮ್ಮ ಖರ್ಚಿನಲ್ಲಿ ಉಪಚಾರ ಮಾಡಿಸಬೇಕಾಗುತ್ತದೆ, ಇಲ್ಲವೇ ಅಲ್ಲೇ ಬಿಟ್ಟುಹೋಗಬೇಕಾಗುತ್ತದೆ. ಹೀಗಾಗಿ ಪೂರ್ತಿ ಬಣ್ಣ ಮುಗಿದು ಚೆನ್ನಾಗಿ ಒಣಗಿದ ಗೊಂಬೆಯನ್ನೇ ಕೊಳ್ಳಿ, ಸೆಗಣಿ ಬೆರೆಸಿದ ಗೊಂಬೆಗಳನ್ನು ಖಂಡಿತ ಒಯ್ಯಬೇಡಿ. ರೆಕ್ಕೆ ಚಾಚಿದ ಗರುಡ ಪೆಟ್ಟಿಗೆಯಲ್ಲಿ ಮುರಿಯುವುದು ಹೆಚ್ಚು, ಕುಳಿತ ಮೂರ್ತಿಗಳು ಪ್ರಯಾಣಕ್ಕೆ ಮೇಲು.

ಪ್ರಶ್ನೆ: ಹತ್ತು ವರ್ಷದ ಹಿಂದೆ ಕೊಂಡ ಕಿನ್ನಾಳದ ಗಣಪತಿಯ ಕಾಲಿನ ಬಳಿ ಬಣ್ಣ ಪದರಾಗಿ ಏಳುತ್ತಿದೆ. ನಮ್ಮ ಕರಾವಳಿಯ ಹವೆಯಿಂದ ಹೀಗಾಯಿತೇ?
— ಓದುಗರೊಬ್ಬರು, ಉಡುಪಿ

ಉತ್ತರ: ಹೌದು, ಅದೇ ಮುಖ್ಯ ಕಾರಣವಿರಬೇಕು. ಹುಣಸೆಯ ಅಂಟು ತೇವವನ್ನು ಹೀರುತ್ತದೆ. ತೇವ ಹಿಡಿದ ಲೇಪ ಬೂಸ್ಟು ಕಟ್ಟುತ್ತದೆ, ಹುಳುವನ್ನೂ ಕರೆಯುತ್ತದೆ. ಒದ್ದೆ ಬಟ್ಟೆಯಿಂದ ಎಂದೂ ಒರೆಸಬೇಡಿ. ಒಣ ಮೆತ್ತನೆ ಬಟ್ಟೆ ಅಥವಾ ಕುಂಚ ಸಾಕು. ಗೋಡೆಗೆ ತಾಗದಂತೆ ಗಾಳಿಯಾಡುವಲ್ಲಿ ಇಡಿ, ಅಭಿಷೇಕವಂತೂ ಬೇಡವೇ ಬೇಡ. ಎದ್ದ ಪದರಕ್ಕೆ ಅಂಗಡಿಯ ಗೋಂದು ಹಚ್ಚುವ ಬದಲು, ಒಂದು ದಿನದ ಮಟ್ಟಿಗೆ ಕಿನ್ನಾಳಕ್ಕೆ ಹೋಗುವಾಗ ಗಣಪತಿಯನ್ನೂ ಜೊತೆಗೆ ಒಯ್ಯಿರಿ. ಹಳೆಯ ಮೂರ್ತಿಗೆ ಮತ್ತೆ ಬಣ್ಣ ಕೊಡುವುದು ಅವರ ಕಸುಬಿನ ಅರ್ಧ ಭಾಗ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು? ಅಪರಿಚಿತರ ಮನೆಗೆ ಹಾಗೆಯೇ ನುಗ್ಗುವುದಕ್ಕೆ ಸಂಕೋಚವಾಗುತ್ತದೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು?
— ಓದುಗಿಯೊಬ್ಬರು, ದಾವಣಗೆರೆ

ಉತ್ತರ: ದೀಪಾವಳಿ ಕಳೆದ ಮೇಲಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ, ಮರದ ಕೆಲಸವೂ ನಡೆದಿರುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಮಾತ್ರ ಬಸ್ಸು, ವಸತಿ ಎರಡಕ್ಕೂ ನೂಕುನುಗ್ಗಲು. ಜಾತ್ರೆಗೆಂದೇ ಹೋಗುವುದಾದರೆ ಸರಿ, ಇಲ್ಲದಿದ್ದರೆ ಆ ವಾರವನ್ನು ತಪ್ಪಿಸಿ. ಏಪ್ರಿಲ್, ಮೇ ತಿಂಗಳ ಬಿಸಿಲು ಹೊರಗಿನವರಿಗೆ ತಡೆಯುವಂಥದ್ದಲ್ಲ. ಅಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ಅನೇಕ ಕಸುಬುದಾರರು ಉಪಕರಣ ಮುಟ್ಟುವುದಿಲ್ಲ, ಕ್ಯಾಲೆಂಡರ್ ನೋಡಿಕೊಂಡೇ ದಿನ ಗೊತ್ತು ಮಾಡಿ.

ಸಂಕೋಚ ಬೇಡ, ಆದರೆ ಬಾಗಿಲಲ್ಲಿ ನಿಂತು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ. ನೆಲದ ಮೇಲಿರುವ ಯಾವುದನ್ನೂ ಹೇಳದೆ ಎತ್ತಬೇಡಿ. ಒಣಗಿದಂತೆ ಕಾಣುವ ಲೇಪದ ಮೇಲೆ ನಿಮ್ಮ ಬೆರಳಿನ ಗುರುತು ಉಳಿದರೆ ಅವರು ಆ ಪದರವನ್ನು ಕೆರೆದು ಮತ್ತೆ ಹಚ್ಚಬೇಕು. ಕೆಲವೊಮ್ಮೆ ಮನೆಯ ಒಳಗೋಡೆಗೆ ಒರಗಿಸಿ ಆಳೆತ್ತರದ ದೇವಿಯನ್ನು ನಿಲ್ಲಿಸಿರುವುದನ್ನು ಕಾಣುತ್ತೀರಿ. ಸುತ್ತಲಿನ ಹಳ್ಳಿಗಳ ದ್ಯಾಮವ್ವ, ದುರಗವ್ವರ ಮರದ ಮೂರ್ತಿಗಳು ಜಾತ್ರೆಗೆ ಮುನ್ನ ಬಣ್ಣಕ್ಕೆಂದು ಚಿತ್ರಗಾರರ ಕೈಗೆ ಬರುವುದುಂಟು. ಅದು ಮಾರಾಟದ ಸರಕಲ್ಲ, ಒಂದು ಊರಿನ ದೇವರು. ಬೆಲೆ ಕೇಳಬೇಡಿ, ಫೋಟೊ ತೆಗೆಯಬೇಡಿ. ನನ್ನ ಜೊತೆಗೆ ಬಂದಿದ್ದ ಗೆಳೆಯರೊಬ್ಬರು ತಿಳಿಯದೆ ಕೇಳಿಯೇಬಿಟ್ಟಿದ್ದರು. ಯಜಮಾನರು ಸಿಟ್ಟಾಗಲಿಲ್ಲ, ಕುಂಚವನ್ನು ಬಟ್ಟಲಿನ ಅಂಚಿಗೆ ಒರೆಸುತ್ತ, “ಆಕಿ ನಮ್ಮಾಕಿ ಅಲ್ರಿ ಸರ, ಊರಾಕಿ. ಬಣ್ಣ 
ಮುಗದ್ರ ಕರಕೊಂಡು ಹೋಗ್ತಾರ” ಎಂದರು.

ಹಿಂತಿರುಗುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ನಿರ್ವಾಹಕರನ್ನು ಕೇಳಿಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಕೊಪ್ಪಳದ ಖಾನಾವಳಿಗಳಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತದೆ. ಮೂರು ಗಂಟೆ ಮೀರಿದರೆ ರೊಟ್ಟಿ ತಟ್ಟುವವರು ಒಲೆ ಆರಿಸಿರುತ್ತಾರೆ.